ಲೋಡ್ ಶೇರಿಂಗ್, ಲೋಡ್ ಬ್ಯಾಲೆನ್ಸಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣಪುಟ್ಟ ಕಚೇರಿಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವುದು ನನ್ನ ಹೊಟ್ಟೆಪಾಡು. "ಲೋಡ್ ಬ್ಯಾಲೆನ್ಸಿಂಗ್ ಹಾಕಿಸಿದ್ದೀವಿ, ಆದರೂ..." ಎಂದು ಶುರುವಾಗುವ ಫೋನು ವಾರಕ್ಕೆ ಒಂದಾದರೂ ಬರುತ್ತದೆ. ಹೋಗಿ ನೋಡಿದರೆ ಅವರ ರೂಟರ್ ಮಾಡುತ್ತಿರುವುದು ಬ್ಯಾಲೆನ್ಸಿಂಗ್ ಅಲ್ಲ, ಬರೀ ಶೇರಿಂಗ್. ಹಾಗೆಂದು ಅವರು ಮೋಸ ಹೋದರು ಅಂತಲೂ ಅಲ್ಲ. ಒಂದೇ ಉತ್ತರವನ್ನು ಹತ್ತು ಜನರಿಗೆ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎರಡೂ ಒಂದೇ ಅಲ್ಲವೇ? ಒಂದೇ ಮಾತಿನಲ್ಲಿ ವ್ಯತ್ಯಾಸ ಹೇಳಿ.

ಟ್ರಾಫಿಕ್ಕನ್ನು ಹಲವು ಲೈನುಗಳಿಗೋ ಸರ್ವರುಗಳಿಗೋ ಹಂಚುವಾಗ, ಯಾವುದರ ಮೇಲೆ ಹೊರೆ ಎಷ್ಟಿದೆ ಎಂದು ನೋಡದೆ ಹಂಚಿದರೆ ಶೇರಿಂಗ್, ನೋಡಿ ಹಂಚಿದರೆ ಬ್ಯಾಲೆನ್ಸಿಂಗ್.

ಚುನಾವಣೆಯ ದಿನ ನಿಮ್ಮೂರಿನ ಶಾಲೆಯನ್ನು ನೆನಪಿಸಿಕೊಳ್ಳಿ. ಎರಡು ಕೋಣೆ, ಎರಡು ಮತಗಟ್ಟೆ. ಮತದಾರರ ಪಟ್ಟಿಯ ಯಾವ ಭಾಗದಲ್ಲಿ ನಿಮ್ಮ ಹೆಸರಿದೆ ಎನ್ನುವುದರ ಮೇಲೆ ನಿಮ್ಮ ಕೋಣೆ ಮೊದಲೇ ತೀರ್ಮಾನವಾಗಿರುತ್ತದೆ. ನಿಮ್ಮ ಕೋಣೆಯ ಮುಂದೆ ಸಾಲು ಗೇಟಿನವರೆಗೆ ಬಂದಿದ್ದರೂ, ಪಕ್ಕದ ಕೋಣೆಯ ಸಿಬ್ಬಂದಿ ಆಕಳಿಸುತ್ತಾ ಕೂತಿದ್ದರೂ ನೀವು ಅಲ್ಲಿ ಹೋಗಿ ಮತ ಹಾಕುವಂತಿಲ್ಲ. ಇದು ಶೇರಿಂಗ್. ಇನ್ನು ಬ್ಯಾಂಕಿನಲ್ಲಿ ಟೋಕನ್ ತೆಗೆದುಕೊಂಡು ಕೂತಿದ್ದೀರಿ ಅಂದುಕೊಳ್ಳಿ. ಯಾವ ಕೌಂಟರ್ ಖಾಲಿಯಾಯಿತೋ ಅಲ್ಲಿಗೆ ನಿಮ್ಮ ನಂಬರ್ ಕೂಗುತ್ತಾರೆ. ಇದು ಬ್ಯಾಲೆನ್ಸಿಂಗ್.

ಮತಗಟ್ಟೆಯ ಪದ್ಧತಿಯನ್ನು ಯಾರೂ ದಡ್ಡತನ ಅನ್ನುವುದಿಲ್ಲ, ಗಮನಿಸಿ. ಅಲ್ಲಿ ಸಾಲಿನ ಉದ್ದಕ್ಕಿಂತ ಮುಖ್ಯವಾದ ಕಾರಣವೊಂದಿದೆ: ನಿಮ್ಮ ಹೆಸರಿರುವ ಪಟ್ಟಿ ಒಂದೇ ಕಡೆ ಇರಬೇಕು. ನೆಟ್‌ವರ್ಕಿನಲ್ಲೂ ಅಂಥದ್ದೇ ಕಾರಣಗಳಿವೆ.

ಹಾಗಾದರೆ ರೂಟರ್‌ಗಳು ಕಣ್ಣು ಮುಚ್ಚಿಕೊಂಡು ಹಂಚುವುದು ಯಾಕೆ? ಲೈನ್ ತುಂಬಿದೆಯೋ ಇಲ್ಲವೋ ನೋಡಲಾರದಷ್ಟು ಕಷ್ಟವೇ?

ನೋಡುವುದು ಕಷ್ಟವಲ್ಲ. ನೋಡಿ ಸುಮ್ಮನಿರದೆ ದಾರಿ ಬದಲಿಸಲು ಹೋದರೆ ಕಷ್ಟ. ಇದನ್ನು ಇಂಟರ್ನೆಟ್ಟಿನ ಅಜ್ಜಿ ಅರ್ಪಾನೆಟ್ಟೇ ಮಾಡಿ ನೋಡಿದೆ.

1979ರಲ್ಲಿ ಅರ್ಪಾನೆಟ್ಟಿಗೆ ಹೊಸ ರೂಟಿಂಗ್ (ದಾರಿ ಆರಿಸುವ) ವಿಧಾನ ಬಂತು. ಪ್ರತಿ ನೋಡ್ (ಜಾಲದ ಕವಲಿನಲ್ಲಿ ಕೂತು ದಾರಿ ಆರಿಸುವ ಯಂತ್ರ) ತನ್ನ ಲೈನುಗಳಲ್ಲಿ ಪ್ಯಾಕೆಟ್‌ಗಳಿಗೆ, ಅಂದರೆ ಮಾಹಿತಿಯ ಸಣ್ಣ ಸಣ್ಣ ತುಂಡುಗಳಿಗೆ, ಆಗುವ ತಡವನ್ನು ಅಳೆದು, 10 ಸೆಕೆಂಡಿನ ಸರಾಸರಿ ತೆಗೆದು, ಬೇಕಾದಾಗ ಉಳಿದವರಿಗೆಲ್ಲ ತಿಳಿಸುತ್ತಿತ್ತು. ಟ್ರಾಫಿಕ್ ಕಡಿಮೆ ಇದ್ದಾಗ ಸೊಗಸಾಗಿ ನಡೆಯಿತು. ಹೊರೆ ಏರಿದಾಗ ಉಯ್ಯಾಲೆ ಶುರುವಾಯಿತು. ಜಾಲದ ಎರಡು ಭಾಗಗಳ ನಡುವೆ ಎರಡೇ ಲೈನುಗಳಿವೆ ಎನ್ನಿ. ಮೊದಲನೆಯದು ತುಂಬಿತು ಎಂಬ ಸುದ್ದಿ ಎಲ್ಲರಿಗೂ ಹೋಗುತ್ತದೆ, ಎಲ್ಲರೂ ಒಟ್ಟಿಗೇ ಎರಡನೆಯದಕ್ಕೆ ಹಾರುತ್ತಾರೆ. ಈಗ ಅದು ತುಂಬಿತು, ಮೊದಲನೆಯದು ಖಾಲಿ. ಮತ್ತೆ ಎಲ್ಲರೂ ವಾಪಸ್. ಎರಡು ಲೈನಿದ್ದರೂ ಯಾವ ಹೊತ್ತಿಗೂ ಒಂದೇ ಕೆಲಸ ಮಾಡುತ್ತಿತ್ತು. 1987ರಲ್ಲಿ ಲೆಕ್ಕವನ್ನೇ ತಿದ್ದಿ, ಲೈನಿನ ಬೆಲೆ (ಆ ದಾರಿ ಎಷ್ಟು ದುಬಾರಿ ಎಂದು ತೋರಿಸುವ ಅಂಕಿ, ಕಡಿಮೆ ಇದ್ದ ಕಡೆ ಟ್ರಾಫಿಕ್ ಹೋಗುತ್ತದೆ) ಒಂದೇ ಸಲಕ್ಕೆ ಇಷ್ಟಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು ಲಗಾಮು ಹಾಕಬೇಕಾಯಿತು.

ಆ ಪಾಠ ಗಟ್ಟಿಯಾಗಿ ಉಳಿದಿದೆ. ಇಂದು ಕಂಪನಿಗಳ ಒಳಜಾಲದಲ್ಲಿ ಹೆಚ್ಚಾಗಿ ಕಾಣುವ ಓಎಸ್‌ಪಿಎಫ್ ಎಂಬ ರೂಟಿಂಗ್ ವಿಧಾನದಲ್ಲಿ ಲೈನಿನ ಬೆಲೆ ಹೊರೆ ನೋಡಿ ಬದಲಾಗುವುದಿಲ್ಲ. ಅದು ಎಂಜಿನಿಯರ್ ಬರೆದಿಟ್ಟದ್ದು, ಇಲ್ಲವೇ ಲೈನಿನ ವೇಗದಿಂದ ಲೆಕ್ಕ ಹಾಕಿದ್ದು. ಒಂದೇ ಬೆಲೆಯ ನಾಲ್ಕು ದಾರಿ ಇದ್ದರೆ ನಾಲ್ಕಕ್ಕೂ ಹಂಚುತ್ತದೆ, ಅಷ್ಟೇ.

ಇನ್ನೊಂದು ಕಾರಣ ವೇಳೆಯದು. 100 ಜಿಬಿಪಿಎಸ್ (ಸೆಕೆಂಡಿಗೆ 100 ಗಿಗಾಬಿಟ್) ವೇಗದ ಪೋರ್ಟಿನಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಯಲ್ಲಿ, ಅತಿ ಚಿಕ್ಕ ಪ್ಯಾಕೆಟ್‌ಗಳು ಬರುತ್ತಿದ್ದರೆ ಒಂದೊಂದಕ್ಕೆ ಸಿಗುವುದು ಸುಮಾರು 6.7 ನ್ಯಾನೋಸೆಕೆಂಡ್. ಅಷ್ಟರಲ್ಲಿ ಯಾರ ಕಷ್ಟಸುಖ ವಿಚಾರಿಸುವುದು?

ಸರಿ, ಒಂದು ಪ್ಯಾಕೆಟ್ ಈ ಲೈನಿಗೆ, ಮುಂದಿನದು ಆ ಲೈನಿಗೆ ಹಾಕಿದರೆ ತಾನಾಗಿ ಸಮ ಆಗುತ್ತದಲ್ಲ?

ಲೈನುಗಳು ಸಮ ಆಗುತ್ತವೆ, ನಿಮ್ಮ ಡೌನ್‌ಲೋಡ್ ನಿಧಾನ ಆಗುತ್ತದೆ.

ಎರಡು ಲೈನುಗಳ ತಡ ಎಂದೂ ಒಂದೇ ಇರುವುದಿಲ್ಲ. ಒಂದರಲ್ಲಿ 8 ಮಿಲಿಸೆಕೆಂಡ್, ಇನ್ನೊಂದರಲ್ಲಿ 30 ಇದ್ದರೆ ಎರಡನೇ ಪ್ಯಾಕೆಟ್ ಇನ್ನೂ ದಾರಿಯಲ್ಲಿರುವಾಗಲೇ ಮೂರನೆಯದು, ಐದನೆಯದು, ಏಳನೆಯದು ಮುಟ್ಟಿರುತ್ತವೆ. ಆ ಕಡೆಯ ಟಿಸಿಪಿ (ಪ್ಯಾಕೆಟ್‌ಗಳು ಎಲ್ಲವೂ ಕ್ರಮವಾಗಿ ಬಂದವೇ ಎಂದು ನೋಡಿಕೊಳ್ಳುವ ವ್ಯವಸ್ಥೆ) "ಎರಡನೆಯದು ಬಂದಿಲ್ಲ" ಎಂದು ಮತ್ತೆ ಮತ್ತೆ ಹೇಳುತ್ತದೆ. ಇದೇ ದೂರು ಮೂರು ಸಲ ಪುನರಾವರ್ತನೆಯಾದರೆ ಕಳಿಸುವವನು ಪ್ಯಾಕೆಟ್ ಕಳೆದೇಹೋಯಿತು ಎಂದು ತಿಳಿದು ಅದನ್ನು ಮತ್ತೆ ಕಳಿಸುತ್ತಾನೆ, ಜೊತೆಗೆ ತನ್ನ ವೇಗವನ್ನೂ ಇಳಿಸುತ್ತಾನೆ. ಏನೂ ಕಳೆದಿರುವುದಿಲ್ಲ, ಆದರೂ ಶಿಕ್ಷೆ ಆಯಿತು. ಫೋನ್ ಕರೆ, ವಿಡಿಯೋ ಮೀಟಿಂಗುಗಳಲ್ಲಿ ಮಾತು ತುಂಡುತುಂಡಾಗುವುದಕ್ಕೂ ಇದು ಒಂದು ಕಾರಣ.

ಆದ್ದರಿಂದ ರೂಟರ್‌ಗಳು ಪ್ಯಾಕೆಟ್‌ಗಳನ್ನಲ್ಲ, ಕನೆಕ್ಷನ್‌ಗಳನ್ನು (ಎರಡು ಕಂಪ್ಯೂಟರುಗಳ ನಡುವಿನ ಒಂದೊಂದು ಮಾತುಕತೆಯನ್ನು) ಹಂಚುತ್ತವೆ. ಒಂದು ಕನೆಕ್ಷನ್ ಒಂದು ಲೈನ್ ಹಿಡಿಯಿತೆಂದರೆ ಅದರ ಎಲ್ಲ ಪ್ಯಾಕೆಟ್‌ಗಳೂ ಅದೇ ಲೈನಿನಲ್ಲಿ, ಸಾಲಾಗಿ. ನಮ್ಮ ಮತಗಟ್ಟೆಯ ಪಟ್ಟಿ ಇದೇ. ಎಐ ಮಾದರಿಗಳಿಗೆ ತರಬೇತಿ ಕೊಡುವ ದೊಡ್ಡ ಕ್ಲಸ್ಟರ್‌ಗಳಲ್ಲಿ ಈಗ ಪ್ಯಾಕೆಟ್‌ಗಳನ್ನೇ ಎಲ್ಲ ದಾರಿಗಳಿಗೂ ಎರಚುವುದುಂಟು. ಆದರೆ ಅಲ್ಲಿ ಕ್ರಮ ತಪ್ಪಿ ಬಂದದ್ದನ್ನು ಸಂಭಾಳಿಸಲೆಂದೇ ಮಾಡಿದ ನೆಟ್‌ವರ್ಕ್ ಕಾರ್ಡುಗಳಿರುತ್ತವೆ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಇಲ್ಲ.

ಹ್ಯಾಶ್, ಹ್ಯಾಶ್ ಅನ್ನುತ್ತಾರಲ್ಲ, ಅದನ್ನು ಕೈಯಲ್ಲೇ ಲೆಕ್ಕ ಹಾಕಿ ತೋರಿಸಬಹುದೇ?

ಧಾರಾಳವಾಗಿ. ಯಾವುದು ಯಾವ ಲೈನಿಗೆ ಎಂದು ವಿಳಾಸಗಳಿಂದಲೇ ತೀರ್ಮಾನಿಸುವ ಲೆಕ್ಕವೇ ಹ್ಯಾಶ್. ಎರಡು ಕೇಬಲ್‌ಗಳನ್ನು ಒಂದು ಕಟ್ಟು ಮಾಡಿ ಎರಡು ಸ್ವಿಚ್‌ಗಳ (ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆಗಳ) ನಡುವೆ ಜೋಡಿಸಿದ್ದೀರಿ. ಒಂದರ ಹೆಸರು 0, ಇನ್ನೊಂದರದು 1. ಸ್ವಿಚ್ ಕಳಿಸುವವನ ಐಪಿಯ (ಜಾಲದಲ್ಲಿನ ವಿಳಾಸದ) ಕೊನೆಯ ಬಿಟ್ (ಅದನ್ನು 0, 1ರಲ್ಲೇ ಬರೆದಾಗಿನ ಕೊನೆಯ ಅಂಕಿ) ನೋಡುತ್ತದೆ, ಪಡೆಯುವವನ ಐಪಿಯ ಕೊನೆಯ ಬಿಟ್ ನೋಡುತ್ತದೆ. ಎರಡೂ ಒಂದೇ ಆಗಿದ್ದರೆ 0ನೇ ಕೇಬಲ್, ಬೇರೆ ಆಗಿದ್ದರೆ 1ನೇ ಕೇಬಲ್.

ನಿಮ್ಮ ಕಂಪ್ಯೂಟರ್ 192.168.1.10, ಸರ್ವರ್ 192.168.1.33. ಸಮಸಂಖ್ಯೆ 10ರ ಕೊನೆಯ ಬಿಟ್ 0, ಬೆಸಸಂಖ್ಯೆ 33ರದು 1. ಬೇರೆ ಬೇರೆ, ಹಾಗಾಗಿ 1ನೇ ಕೇಬಲ್. ಪಕ್ಕದ ಮೇಜಿನ 11? ಅದೂ ಬೆಸ, ಸರ್ವರೂ ಬೆಸ, 0ನೇ ಕೇಬಲ್. 12? ಮತ್ತೆ 1. ನಿಜವಾದ ಸ್ವಿಚ್‌ಗಳು ಒಂದಕ್ಕಿಂತ ಹೆಚ್ಚು ಬಿಟ್, ಪೋರ್ಟ್ ನಂಬರ್ (ಒಂದೇ ಕಂಪ್ಯೂಟರಿನ ಬೇರೆ ಬೇರೆ ಕನೆಕ್ಷನ್‌ಗಳನ್ನು ಗುರುತಿಸುವ ಸಂಖ್ಯೆ) ಎಲ್ಲವನ್ನೂ ಕಲಸುತ್ತವೆ, ಆದರೆ ಜಾತಿ ಇದೇ.

ಒಂದು ಕಡೆ ಹೀಗಾಗಿತ್ತು. ಹಿಂದೆ ಕೆಲಸ ಮಾಡಿದ ಶಿಸ್ತಿನ ಮನುಷ್ಯ ಯಾರೋ ಕಂಪ್ಯೂಟರುಗಳಿಗೆಲ್ಲ ಸಮಸಂಖ್ಯೆ, ಪ್ರಿಂಟರ್ ಮತ್ತು ಕ್ಯಾಮೆರಾಗಳಿಗೆಲ್ಲ ಬೆಸಸಂಖ್ಯೆ ಕೊಟ್ಟಿದ್ದರು. ಫೈಲ್ ಸರ್ವರ್ ಒಂದೇ. ಹಳೇ ಸ್ವಿಚ್, ಕಟ್ಟಿನಲ್ಲಿ ಎರಡು ಕೇಬಲ್. ಮೂವತ್ತಕ್ಕೂ ಹೆಚ್ಚು ಜನರ ಫೈಲುಗಳೆಲ್ಲ ಒಂದೇ ಕೇಬಲಿನಲ್ಲಿ ಹೋಗುತ್ತಿದ್ದವು. ಎರಡನೆಯದರ ದೀಪ ಆಗೊಮ್ಮೆ ಈಗೊಮ್ಮೆ ಮಿಣುಕುತ್ತಿತ್ತು. ಕೇಬಲ್ ಕೆಟ್ಟಿದೆ ಎಂದುಕೊಂಡು ಅದನ್ನು ಎರಡು ಸಲ ಬದಲಿಸಿದ್ದರಂತೆ.

ಮೂರು ಕೇಬಲ್ ಹಾಕಿದರೆ ಮೂರು ಸಮಪಾಲು ಆಗುತ್ತದೆಯೇ?

ಹಲವು ಸ್ವಿಚ್‌ಗಳಲ್ಲಿ ಇಲ್ಲ. ಸಿಸ್ಕೋ ಕಂಪನಿಯ ಹಳೆಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಹ್ಯಾಶ್‌ನ ಫಲ 8 ಬುಟ್ಟಿಗಳಲ್ಲಿ ಒಂದಕ್ಕೆ ಬೀಳುತ್ತದೆ. 8 ಬುಟ್ಟಿಗಳನ್ನು ಮೂರು ಕೇಬಲ್‌ಗೆ ಹಂಚಿದರೆ 3, 3, 2. ಅದಕ್ಕೇ ಹಳಬರು ಎರಡು, ನಾಲ್ಕು, ಎಂಟು ಎಂದು ಕಟ್ಟು ಕಟ್ಟಿಸುತ್ತಿದ್ದರು. ದೂರವಾಣಿ ಕೇಂದ್ರಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುವ ಎಸ್‌ಎಸ್7 ಪದ್ಧತಿಯಲ್ಲೂ ಇದೇ ಕಥೆ. ಅದರ ಅಂತರರಾಷ್ಟ್ರೀಯ ರೂಪದಲ್ಲಿ ಲಿಂಕ್ ಆರಿಸಲು 4 ಬಿಟ್, ಅಂದರೆ 16 ಸಂಖ್ಯೆಗಳು. ಮೂರು ಲಿಂಕಿಗೆ ಹಂಚಿದರೆ 6, 5, 5. ಅಂದ ಹಾಗೆ, ಆ ಟೆಲಿಫೋನಿನವರು ಇದನ್ನು ಪ್ರಾಮಾಣಿಕವಾಗಿ "ಲೋಡ್ ಶೇರಿಂಗ್" ಎಂದೇ ಕರೆದರು. ಬ್ಯಾಲೆನ್ಸ್ ಅನ್ನಲಿಲ್ಲ.

100 ಎಂಬಿಪಿಎಸ್‌ನ ಎರಡು ಲೈನ್ ತೆಗೆದುಕೊಂಡೆ. ಫೈಲ್ ಇಳಿಸಿಕೊಂಡರೆ 100ರಲ್ಲೇ ಬರುತ್ತದೆ. 200 ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ನಿಮ್ಮ ಪಕ್ಕದ ಮೇಜಿನವರಿಗೆ ಹೋಗಿದೆ. ಒಂದು ಫೈಲ್ ಎಂದರೆ ಸಾಮಾನ್ಯವಾಗಿ ಒಂದು ಕನೆಕ್ಷನ್. ಒಂದು ಕನೆಕ್ಷನ್ ಎಂದರೆ ಒಂದು ಲೈನ್. ನೀವು ಇಳಿಸಿಕೊಳ್ಳುತ್ತಿರುವಾಗಲೇ ಇನ್ನೊಬ್ಬರು ಇಳಿಸಿಕೊಳ್ಳಲಿ, ಅದೃಷ್ಟವಿದ್ದರೆ ಅವರಿಗೂ ಪೂರ್ತಿ 100 ಸಿಗುತ್ತದೆ. ಅದೃಷ್ಟವಿಲ್ಲದಿದ್ದರೆ ಇಬ್ಬರದೂ ಒಂದೇ ಲೈನಿಗೆ ಬಿದ್ದು ತಲಾ 50. ಏಕೆಂದರೆ ಯಾರೂ ನೋಡುತ್ತಿಲ್ಲ.

ಸ್ಪೀಡ್ ಟೆಸ್ಟ್‌ನಲ್ಲಿ ಮಾತ್ರ 180, 190 ಬರುವುದುಂಟು. ಆ ತಾಣಗಳು ಒಟ್ಟಿಗೆ ಹಲವು ಕನೆಕ್ಷನ್ ತೆರೆಯುತ್ತವೆ, ಅವು ಎರಡೂ ಲೈನಿಗೆ ಹರಡಿಕೊಳ್ಳುತ್ತವೆ. ಮಾರಾಟಗಾರ ಅದನ್ನೇ ತೋರಿಸಿ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಒಂದೇ ಕನೆಕ್ಷನ್ನನ್ನು ಎರಡು ದಾರಿಯಲ್ಲಿ ಓಡಿಸುವ ಮಲ್ಟಿಪಾತ್ ಟಿಸಿಪಿ ಎಂಬುದಿದೆ, 2013ರಲ್ಲಿ ಆಪಲ್ ಅದನ್ನು ಐಫೋನಿನ ಸಿರಿಗೆ ಬಳಸಿತು. ಆದರೆ ಎರಡೂ ತುದಿಯವರಿಗೆ ಅದು ಗೊತ್ತಿರಬೇಕು. ನಡುವಿನ ನಿಮ್ಮ ರೂಟರ್ ಒಬ್ಬಂಟಿಯಾಗಿ ಏನೂ ಮಾಡಲಾಗದು.

ಎರಡು ಲೈನ್ ಹಾಕಿಸಿದ ಮೇಲೆ ಬ್ಯಾಂಕಿನ ಸೈಟ್ ಪದೇ ಪದೇ ಲಾಗೌಟ್ ಮಾಡುತ್ತಿದೆ. ವೈರಸ್ಸೇ?

ಅಲ್ಲ. ಈ ತಪ್ಪನ್ನು ನಾನೇ ಮಾಡಿ ಬೈಸಿಕೊಂಡಿದ್ದೇನೆ.

ತೆರಿಗೆ ಸಲಹೆಗಾರರೊಬ್ಬರ ಕಚೇರಿ, ರಿಟರ್ನ್ ಸಲ್ಲಿಸುವ ಕೊನೆಯ ವಾರ. ಹಿಂದಿನ ದಿನವಷ್ಟೇ ನಾನು ಎರಡು ಲೈನ್ ಜೋಡಿಸಿ, ಗ್ರಾಫಿನಲ್ಲಿ ಎರಡೂ ಗೆರೆ ಜೊತೆಜೊತೆಯಾಗಿ ಏರುವುದನ್ನು ತೋರಿಸಿ, ಕಾಫಿ ಕುಡಿದು ಬಂದಿದ್ದೆ. ಬೆಳಿಗ್ಗೆ ಹತ್ತೂಕಾಲಿಗೆ ಫೋನು: "ಓಟಿಪಿ ಹಾಕಿದ ತಕ್ಷಣ ಆಚೆ ತಳ್ತಿದೆ ರೀ, ನಿನ್ನೆವರೆಗೂ ಚೆನ್ನಾಗಿತ್ತು." ಆಗಿದ್ದಿಷ್ಟು. ರೂಟರಿನಲ್ಲಿ ಹಂಚಿಕೆಯ ಲೆಕ್ಕಕ್ಕೆ ನಾನು ಐಪಿ ಜೊತೆ ಪೋರ್ಟ್ ನಂಬರನ್ನೂ ಸೇರಿಸಿದ್ದೆ. ಹಾಗೆ ಮಾಡಿದರೆ ಗ್ರಾಫ್ ಚೆಂದ ಕಾಣುತ್ತದೆ. ಆದರೆ ಬ್ರೌಸರ್ ಒಂದೇ ಸೈಟಿಗೆ ಹಲವು ಕನೆಕ್ಷನ್ ತೆರೆಯುತ್ತದೆ, ಪ್ರತಿಯೊಂದರ ಪೋರ್ಟ್ ನಂಬರ್ ಬೇರೆ. ಲಾಗಿನ್ ಆದದ್ದು ಮೊದಲ ಲೈನಿನ ಐಪಿಯಿಂದ, ಓಟಿಪಿ ಹೋದದ್ದು ಎರಡನೇ ಲೈನಿನ ಐಪಿಯಿಂದ. ಬ್ಯಾಂಕಿನ ಕಣ್ಣಿಗೆ ಅರ್ಧ ನಿಮಿಷದಲ್ಲಿ ಗಿರಾಕಿ ಬೇರೆ ಊರಿಗೆ ಹಾರಿದ ಹಾಗೆ. ಆಚೆ ತಳ್ಳದೆ ಇನ್ನೇನು ಮಾಡೀತು?

ಪರಿಹಾರ ಸುಲಭ. ಲೆಕ್ಕದಿಂದ ಪೋರ್ಟ್ ತೆಗೆದುಹಾಕಿ. ಮೈಕ್ರೋಟಿಕ್ ರೂಟರಿನ ಪಿಸಿಸಿ ಎಂಬ ಹಂಚಿಕೆ ನಿಯಮದಲ್ಲಿ ಪೋರ್ಟ್ ಬಿಟ್ಟು ಎರಡೂ ಕಡೆಯ ವಿಳಾಸ ಮಾತ್ರ ಆರಿಸಿಕೊಳ್ಳಬಹುದು. ಆದರೆ ಲಾಗಿನ್ ಒಂದು ಸರ್ವರಿನಲ್ಲಿ, ಹಣ ಪಾವತಿ ಇನ್ನೊಂದರಲ್ಲಿ ಇದ್ದರೆ ಅದೂ ಸಾಲದು. ಆಗ ಕಳಿಸುವವನ ವಿಳಾಸ ಒಂದನ್ನೇ ಇಟ್ಟುಕೊಳ್ಳಿ. ಒಬ್ಬ ಮನುಷ್ಯ, ಒಂದು ಲೈನ್. ಹಂಚಿಕೆ ಒರಟಾಗುತ್ತದೆ, ಗ್ರಾಫ್ ಓರೆಯಾಗುತ್ತದೆ, ಯಾರೂ ಫೋನ್ ಮಾಡುವುದಿಲ್ಲ. ಚೆಂದದ ಗ್ರಾಫಿಗಿಂತ ಅದು ಮೇಲು ಎನ್ನುವುದು ನನ್ನ ಲೆಕ್ಕ.

ನನ್ನ ಒಂದು ಲೈನ್ 200, ಇನ್ನೊಂದು 50. ಅರ್ಧರ್ಧ ಹಂಚಿದರೆ ಅನ್ಯಾಯವಲ್ಲವೇ?

ಹೌದು. ಅದಕ್ಕೆ ತೂಕ ಕೊಡಿ, 4ಕ್ಕೆ 1. ಐದು ಹೊಸ ಕನೆಕ್ಷನ್‌ಗಳಲ್ಲಿ ಸರಾಸರಿ ನಾಲ್ಕು ದೊಡ್ಡ ಲೈನಿಗೆ ಹೋಗುತ್ತವೆ. ಆದರೂ ಇದು ಶೇರಿಂಗೇ. ಸಂಜೆ ಹೊತ್ತು ಆ 200ರ ಲೈನ್ ಬಳಲಿ 30ಕ್ಕೆ ಇಳಿದಿದ್ದರೂ ರೂಟರ್ 4ಕ್ಕೆ 1 ಎಂದೇ ಹಂಚುತ್ತಿರುತ್ತದೆ.

ದೊಡ್ಡ ಜಾಲದವರಿಗೆ ಒಂದು ಎಚ್ಚರಿಕೆ. ಓಎಸ್‌ಪಿಎಫ್ ಬೆಲೆ ಸಮ ಇರುವ ದಾರಿಗಳಿಗೆ ಮಾತ್ರ ಹಂಚುತ್ತದೆ. ಸಿಸ್ಕೋದ ಇಐಜಿಆರ್‌ಪಿ ಎಂಬ ರೂಟಿಂಗ್ ವಿಧಾನದಲ್ಲಿ ವೇರಿಯನ್ಸ್ ಎಂಬ ಅಂಕಿ ಹಾಕಿದರೆ ಬೆಲೆ ಬೇರೆ ಇದ್ದರೂ ಪ್ರಮಾಣಕ್ಕೆ ತಕ್ಕಂತೆ ಹಂಚಬಲ್ಲದು. ಸಿಸ್ಕೋ ರೂಟರ್‌ಗಳಲ್ಲಿ ಬೇರೇನೂ ಹೇಳದಿದ್ದರೆ ಓಎಸ್‌ಪಿಎಫ್ ಬೆಲೆ ಲೆಕ್ಕ ಹಾಕುವುದು 100 ಎಂಬಿಪಿಎಸ್ ಅನ್ನು ಮಾನವಾಗಿಟ್ಟುಕೊಂಡು. ಆದ್ದರಿಂದ 100 ಎಂಬಿಪಿಎಸ್ ಲೈನಿಗೂ ಬೆಲೆ 1, 1 ಜಿಬಿಪಿಎಸ್ ಲೈನಿಗೂ ಬೆಲೆ 1 (ಮಾನವನ್ನು ವೇಗದಿಂದ ಭಾಗಿಸಿದ್ದೇ ಬೆಲೆ, ಅದು 1ಕ್ಕಿಂತ ಕೆಳಗಿಳಿಯದು). ಆ ಮಾನವನ್ನು ಏರಿಸದೆ ಬಿಟ್ಟರೆ ಹೊಳೆಗೂ ಮೋರಿಗೂ ಸಮಪಾಲು ನೀರು ಬಿಟ್ಟಂತಾಗುತ್ತದೆ.

ಎಲ್ಲ ಸರಿ ಮಾಡಿದ್ದರೂ ಒಂದು ಲೈನ್ 90%, ಇನ್ನೊಂದು 15% ತೋರಿಸುತ್ತದೆ. ಯಾಕೆ?

ಆನೆ ಇರುವೆ ಲೆಕ್ಕ. ರೂಟರ್ ತಲೆ ಎಣಿಸಿ ಹಂಚುತ್ತದೆ, ತೂಕ ನೋಡಿ ಅಲ್ಲ. ಐವತ್ತು ಜನ ಮಿಂಚಂಚೆ ನೋಡುವ ಕನೆಕ್ಷನ್‌ಗಳು ಒಂದು ಕಡೆ, ರಾತ್ರಿಯ ಬ್ಯಾಕಪ್ಪಿನ ಒಂದೇ ಒಂದು ಕನೆಕ್ಷನ್ ಇನ್ನೊಂದು ಕಡೆ. ಆ ಒಂದು ಆನೆ ಲೈನನ್ನು ಪೂರ್ತಿ ತುಳಿಯುತ್ತದೆ.

ಸರ್ವರಿಗೆ ಎರಡು ಕೇಬಲ್ ಕಟ್ಟಿರುವವರು ಇನ್ನೊಂದನ್ನು ಪರೀಕ್ಷಿಸಿ. ಲಿನಕ್ಸ್ ಬಾಂಡಿಂಗ್‌ನಲ್ಲಿ (ಕೇಬಲ್‌ಗಳನ್ನು ಕಟ್ಟು ಮಾಡುವ ಸೌಲಭ್ಯದಲ್ಲಿ) ಹ್ಯಾಶ್ ವಿಧಾನ ಆರಿಸಿ ಬೇರೇನೂ ಹೇಳದಿದ್ದರೆ ಹ್ಯಾಶ್ ನಡೆಯುವುದು ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯ) ಮೇಲೆ. ಸರ್ವರ್ ಮಾತಾಡುವುದೆಲ್ಲ ರೂಟರಿನ ಮೂಲಕವೇ ಆದರೆ ಎದುರಿಗಿರುವ ಮ್ಯಾಕ್ ಯಾವಾಗಲೂ ರೂಟರಿನದೇ. ಲೆಕ್ಕದ ಉತ್ತರ ಎಂದೂ ಬದಲಾಗುವುದಿಲ್ಲ, ಎರಡನೇ ಕೇಬಲ್ ಅಲಂಕಾರಕ್ಕೆ. ಹ್ಯಾಶ್‌ಗೆ ಐಪಿ ಮತ್ತು ಪೋರ್ಟ್ ಸೇರಿಸಿದರೆ ಸರಿಹೋಗುತ್ತದೆ. ಇಲ್ಲಿ ಹೊರಗಿನ ಐಪಿ ಬದಲಾಗದ ಕಾರಣ ಬ್ಯಾಂಕಿನ ಪಜೀತಿ ಬರುವುದಿಲ್ಲ.

ಲಿನಕ್ಸ್‌ನಲ್ಲಿ ಆ ಬಾಂಡಿಂಗ್ ವಿಧಾನಗಳ ಹೆಸರೇ "ಬ್ಯಾಲೆನ್ಸ್" ಅಂತ ಇದೆಯಲ್ಲ?

ಹೆಸರಿನ ಗೊಂದಲಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬ್ಯಾಲೆನ್ಸ್-ಆರ್‌ಆರ್ ಸರದಿಯಂತೆ ಪ್ಯಾಕೆಟ್ ಹಾಕುತ್ತದೆ, ಏನೂ ನೋಡುವುದಿಲ್ಲ. ಬ್ಯಾಲೆನ್ಸ್-ಕ್ಸಾರ್ ಹ್ಯಾಶ್ ಮಾಡುತ್ತದೆ, ಏನೂ ನೋಡುವುದಿಲ್ಲ. ಬ್ಯಾಲೆನ್ಸ್-ಟಿಎಲ್‌ಬಿ ಮಾತ್ರ ಪ್ರತಿ ಕೇಬಲಿನ ಮೇಲೆ ಈಗ ಎಷ್ಟು ಹೊರೆ ಇದೆ ಎಂದು ವೇಗಕ್ಕೆ ಹೋಲಿಸಿ ನೋಡಿ, ಆಮೇಲೆ ಕಳಿಸುತ್ತದೆ. ಮೂವರಿಗೂ ಒಂದೇ ಮನೆತನದ ಹೆಸರು, ಗುಣ ಬೇರೆ.

ನಮ್ಮದು ಬಿಜಿಪಿ (ಜಾಲಗಳು ತಮ್ಮ ವಿಳಾಸಗಳಿಗೆ ದಾರಿ ಯಾವುದೆಂದು ಪರಸ್ಪರ ಸಾರುವ ಪದ್ಧತಿ) ಇರುವ ಜಾಲ, ಎರಡು ಪೂರೈಕೆದಾರರು. ಒಳಬರುವ ಟ್ರಾಫಿಕ್ ಸಮ ಮಾಡುವುದು ಹೇಗೆ?

ಪೂರ್ತಿ ಸಮ ಮಾಡಲಾಗುವುದಿಲ್ಲ, ಪುಸಲಾಯಿಸಬಹುದು. ಹೊರಹೋಗುವ ದಾರಿ ನಿಮ್ಮ ಕೈಯಲ್ಲಿದೆ, ಒಳಬರುವ ದಾರಿ ಆರಿಸುವವರು ಪರರು. ನಿಮ್ಮ ಬಳಿ /23 ವಿಳಾಸ ಗುಂಪಿದ್ದರೆ (512 ವಿಳಾಸಗಳು) ಅದನ್ನು ಎರಡು /24 (ತಲಾ 256) ಮಾಡಿ ಒಂದೊಂದು ಕಡೆ ಒಂದೊಂದನ್ನು ಸಾರಿ, ಪೂರ್ತಿ /23 ಅನ್ನು ಎರಡೂ ಕಡೆ ಸಾರಿ. ಪರರು ಚಿಕ್ಕ ಗುಂಪು ಸಾರಿದ ದಾರಿಯನ್ನೇ ಮೊದಲು ಹಿಡಿಯುತ್ತಾರೆ, ಒಂದು ಲೈನ್ ಸತ್ತರೆ /23 ಕಾಯುತ್ತದೆ. ಒಂದು ಕಡೆ ನಿಮ್ಮ ಜಾಲದ ಗುರುತಾದ ಎಎಸ್ ಸಂಖ್ಯೆಯನ್ನು ಎರಡು ಮೂರು ಸಲ ಬರೆದು ದಾರಿ ದೂರವೆಂದು ತೋರಿಸುವ ಉಪಾಯವೂ ಇದೆ, ಕೆಲವರು ನಂಬುತ್ತಾರೆ, ಕೆಲವರು ನಂಬುವುದಿಲ್ಲ. ಬಿಜಿಪಿ ಮೂಲತಃ ಒಂದೇ ಒಳ್ಳೆಯ ದಾರಿ ಆರಿಸುವ ಜಾಯಮಾನದ್ದು. ಇಲ್ಲಿ ಸಿಗುವುದೆಲ್ಲ ಶೇರಿಂಗ್.

ಹಾಗಾದರೆ ನಿಜವಾದ ಬ್ಯಾಲೆನ್ಸಿಂಗ್ ಸಿಗುವುದೆಲ್ಲಿ?

ಸರ್ವರುಗಳ ಮುಂದೆ. ಹೆಚ್ಎ ಪ್ರಾಕ್ಸಿ, ಎಂಜಿನ್‌ಎಕ್ಸ್‌ನಂಥ ತಂತ್ರಾಂಶಗಳು ಹಿಂದಿರುವ ಪ್ರತಿ ಸರ್ವರಿನಲ್ಲಿ ಈಗ ಎಷ್ಟು ಕನೆಕ್ಷನ್ ನಡೆಯುತ್ತಿವೆ ಎಂದು ಎಣಿಸಿಟ್ಟುಕೊಂಡಿರುತ್ತವೆ. ಅತಿ ಕಡಿಮೆ ಇರುವವನಿಗೆ ಮುಂದಿನ ಕೆಲಸ ಕೊಡುವಂತೆ ಹೇಳಬಹುದು. ಬ್ಯಾಂಕಿನ ಟೋಕನ್ ಪದ್ಧತಿಗೆ ಹತ್ತಿರ ಬರುವುದು ಇದು.

ಆದರೆ ನೋಡಿ ಹಂಚುವವನಿಗೂ ಮೋಸವಾಗುತ್ತದೆ. ಒಂದು ಸರ್ವರಿನ ಡೇಟಾಬೇಸ್ ಸಂಪರ್ಕ ಕಡಿದುಹೋಗಿದೆ. ಅದು ಬಂದ ಕೋರಿಕೆಗೆಲ್ಲ ಎರಡು ಮಿಲಿಸೆಕೆಂಡಿನಲ್ಲಿ 500 ದೋಷ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಉಳಿದ ಸರ್ವರುಗಳು ನಿಯತ್ತಾಗಿ 300 ಮಿಲಿಸೆಕೆಂಡ್ ದುಡಿಯುತ್ತಿವೆ. ಎಣಿಸುವವನ ಕಣ್ಣಿಗೆ ಯಾರು ಬಿಡುವಾಗಿದ್ದಾರೆ? ಕೆಲಸಗಳ್ಳನೇ! ಬಂದವರನ್ನೆಲ್ಲ ಅವನ ಬಳಿಗೇ ಅಟ್ಟುತ್ತದೆ. ಐದರಲ್ಲಿ ಒಂದು ಸರ್ವರ್ ಕೆಟ್ಟರೆ ಕಣ್ಣು ಮುಚ್ಚಿ ಹಂಚುವವನ ಗಿರಾಕಿಗಳಲ್ಲಿ ಐದನೇ ಒಂದು ಪಾಲಿಗೆ ತೊಂದರೆ. ಕಣ್ಣು ತೆರೆದು ಹಂಚುವವನ ಗಿರಾಕಿಗಳಲ್ಲಿ ಬಹುಪಾಲಿಗೆ ತೊಂದರೆ. ಅದಕ್ಕೇ ಆರೋಗ್ಯ ತಪಾಸಣೆ ಎಂದರೆ ಪೋರ್ಟ್ ತೆರೆದಿದೆಯೇ ಎಂದು ನೋಡುವುದಷ್ಟೇ ಅಲ್ಲ, ಉತ್ತರ ಸರಿಯಿದೆಯೇ ಎಂದೂ ನೋಡಬೇಕು.

ಹೊಸ ಸರ್ವರ್ ಸೇರಿಸಿದಾಗಲೂ ಹೀಗೇ. ಅದರ ಲೆಕ್ಕ ಸೊನ್ನೆ, ಎಲ್ಲರೂ ಅದರ ಮೇಲೆ ಮುಗಿಬೀಳುತ್ತಾರೆ. ಅರ್ಪಾನೆಟ್ಟಿನ ಉಯ್ಯಾಲೆ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಇದಕ್ಕೆ 1990ರ ದಶಕದಲ್ಲಿ ಗಣಿತದವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ: ಎಲ್ಲರನ್ನೂ ನೋಡಬೇಡ, ಕಣ್ಣು ಮುಚ್ಚಿ ಇಬ್ಬರನ್ನು ಆರಿಸು, ಅವರಿಬ್ಬರಲ್ಲಿ ಹೊರೆ ಕಡಿಮೆ ಇರುವವನಿಗೆ ಕೊಡು. ಒಬ್ಬನನ್ನೇ ಕುರುಡಾಗಿ ಆರಿಸುವುದಕ್ಕೆ ಹೋಲಿಸಿದರೆ ಅತಿ ಉದ್ದದ ಸಾಲು ಎಷ್ಟೋ ಪಟ್ಟು ಮೋಟಾಗುತ್ತದೆ, ಮೂವರನ್ನು ನೋಡಿದರೆ ಆಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೇ. ಎಂಜಿನ್‌ಎಕ್ಸ್‌ನಲ್ಲಿ ಈ ಆಯ್ಕೆ ಇದೆ.

ರೌಂಡ್ ರಾಬಿನ್ (ಸರದಿಯಂತೆ ಹಂಚುವುದು)? ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ಐಪಿ ಹೇಳುವ ವ್ಯವಸ್ಥೆಯಲ್ಲಿ) ಮಾಡುವುದು?

ಎರಡೂ ಶೇರಿಂಗ್. ಎಂಜಿನ್‌ಎಕ್ಸ್ ಬೇರೇನೂ ಹೇಳದಿದ್ದರೆ ಸರದಿಯಂತೆ ಹಂಚುತ್ತದೆ. ಡಿಎನ್‌ಎಸ್ ಅಂತೂ ಉತ್ತರ ಕೊಟ್ಟ ಮೇಲೆ ಗಿರಾಕಿ ಎಲ್ಲಿ ಹೋದ ಎಂದು ಕೇಳುವುದೇ ಇಲ್ಲ, ಮೇಲಾಗಿ ನಡುವಿನವರು ಆ ಉತ್ತರವನ್ನು ಕೂಡಿಟ್ಟುಕೊಂಡು ಸಾವಿರಾರು ಜನರಿಗೆ ಅದನ್ನೇ ಹಂಚುತ್ತಾರೆ. ಇಂಟರ್ನೆಟ್ ಎಂಜಿನಿಯರುಗಳ ದಾಖಲೆ ಸರಣಿಯಲ್ಲಿ 1995ರ ಆರ್‌ಎಫ್‌ಸಿ 1794 ಇದರ ಬಗ್ಗೆಯೇ ಬರೆದದ್ದು. ಶೀರ್ಷಿಕೆಯಲ್ಲಿ ಇರುವ ಪದ ಮಾತ್ರ ಲೋಡ್ ಬ್ಯಾಲೆನ್ಸಿಂಗ್!

ಗೂಗಲ್‌ನಂಥವರು ಯಾವುದನ್ನು ಬಳಸುತ್ತಾರೆ?

ಒಂದರ ಮೇಲೊಂದು, ಎರಡನ್ನೂ. ಗೂಗಲ್ 2008ರಿಂದ ಬಳಸುತ್ತಿರುವ ಮ್ಯಾಗ್ಲೆವ್ ಎಂಬ ಹಂಚಿಕೆ ತಂತ್ರಾಂಶದ ಬಗ್ಗೆ 2016ರಲ್ಲಿ ಪ್ರಬಂಧ ಪ್ರಕಟಿಸಿತು. ಮೊದಲು ರೂಟರ್‌ಗಳು ಸಮಬೆಲೆಯ ದಾರಿಗಳೆಂದು ತಿಳಿದು ಮ್ಯಾಗ್ಲೆವ್ ಯಂತ್ರಗಳಿಗೆ ಪ್ಯಾಕೆಟ್‌ಗಳನ್ನು ಹಂಚುತ್ತವೆ. ಅದು ಶುದ್ಧ ಶೇರಿಂಗ್. ಆಮೇಲೆ ಮ್ಯಾಗ್ಲೆವ್ ಹಿಂದಿನ ಸರ್ವರುಗಳಲ್ಲಿ ಆರೋಗ್ಯವಾಗಿರುವವರನ್ನು ನೋಡಿ ಹಂಚುತ್ತದೆ. ಅಲ್ಲೂ ಕೆಲಸ ಮಾಡುವುದು ಹ್ಯಾಶೇ, ಆದರೆ ಜಾಣ ಹ್ಯಾಶ್.

ಜಾಣತನ ಏನೆಂದರೆ: 10 ಸರ್ವರುಗಳಿಗೆ "ಹ್ಯಾಶ್ ಸಂಖ್ಯೆಯನ್ನು 10ರಿಂದ ಭಾಗಿಸಿದಾಗ ಉಳಿಯುವ ಶೇಷ" ಎಂದು ಹಂಚಿದ್ದೀರಿ. ಒಂದು ಕೆಟ್ಟಿತು, ಈಗ 9ರಿಂದ ಭಾಗಿಸಬೇಕು. 100ಕ್ಕೆ 90 ಗಿರಾಕಿಗಳ ಸರ್ವರ್ ಬದಲಾಗಿಬಿಡುತ್ತದೆ, ಕೆಟ್ಟದ್ದು ಒಂದೇ ಆದರೂ. 1997ರಲ್ಲಿ ಬಂದ ಕನ್ಸಿಸ್ಟೆಂಟ್ ಹ್ಯಾಶಿಂಗ್‌ನಲ್ಲಿ ಕೆಟ್ಟ ಸರ್ವರಿನ ಪಾಲಿನ ಸುಮಾರು 10 ಗಿರಾಕಿಗಳಷ್ಟೇ ಜಾಗ ಬದಲಿಸುತ್ತಾರೆ. ಮ್ಯಾಗ್ಲೆವ್‌ನದು ಅದೇ ವಂಶದ ಲೆಕ್ಕ.

ಶೇರಿಂಗ್ ಇದ್ದರೆ ಒಂದು ಲೈನ್ ಹೋದರೂ ಕೆಲಸ ನಿಲ್ಲುವುದಿಲ್ಲ ತಾನೇ?

ಎರಡು ಷರತ್ತುಗಳ ಮೇಲೆ. ಮೊದಲನೆಯದು, ಲೈನ್ ಹೋಗಿದೆ ಎಂದು ರೂಟರಿಗೆ ಗೊತ್ತಾಗಬೇಕು. ಕರೆಂಟ್ ಹೋದಾಗ ನಿಮ್ಮ ಮೋಡೆಮ್ ಯುಪಿಎಸ್ ಮೇಲೆ ಹಸಿರು ದೀಪ ಉರಿಸುತ್ತಾ ಕೂತಿರುತ್ತದೆ. ಬೀದಿ ಕೊನೆಯ ಪೆಟ್ಟಿಗೆ ಸತ್ತಿರುತ್ತದೆ. ರೂಟರ್ ಕೇಬಲ್ ಜೀವಂತವಾಗಿದೆ ಎಂದು ನಂಬಿ ಅರ್ಧ ಕನೆಕ್ಷನ್‌ಗಳನ್ನು ಅತ್ತಲೇ ಕಳಿಸುತ್ತದೆ. "ಅರ್ಧ ಸೈಟ್ ಬರ್ತಿದೆ, ಅರ್ಧ ಬರ್ತಿಲ್ಲ" ಎಂಬ ದೂರು ಕೇಳಿದ ಕೂಡಲೇ ನಾನು ನೋಡುವುದು ಇದನ್ನೇ. ಪ್ರತಿ ಲೈನಿನ ಮೂಲಕವೂ ಹೊರಗಿನ ವಿಳಾಸವೊಂದನ್ನು ಪಿಂಗ್ ಮಾಡುತ್ತಿರಲು ("ಇದ್ದೀಯಾ?" ಎಂದು ಕೇಳುತ್ತಿರಲು) ರೂಟರಿಗೆ ಹೇಳಿ. ಒಂದೇ ವಿಳಾಸ ಸಾಲದು, ಎರಡು ಕೊಡಿ. ಇದು ಜೀವ ಇದೆಯೇ ಎಂಬ ತಪಾಸಣೆ ಮಾತ್ರ, ಹೊರೆಯ ತಪಾಸಣೆ ಅಲ್ಲ. ಇದನ್ನು ಹಾಕಿದ ಮಾತ್ರಕ್ಕೆ ಶೇರಿಂಗ್ ಹೋಗಿ ಬ್ಯಾಲೆನ್ಸಿಂಗ್ ಆಗಿಬಿಡುವುದಿಲ್ಲ.

ಎರಡನೆಯದನ್ನು ದೊಡ್ಡ ಸಂಸ್ಥೆಗಳೂ ಮರೆಯುತ್ತವೆ. ಎರಡೂ ಲೈನ್ 70% ತುಂಬಿ ಓಡುತ್ತಿದ್ದರೆ ಒಂದು ಸತ್ತ ದಿನ ಇನ್ನೊಂದರ ಮೇಲೆ 140% ಬೀಳುತ್ತದೆ. ಗ್ರಾಫಿನಲ್ಲಿ ಎರಡೂ ಕೆಂಪು ಗೆರೆ ಮುಟ್ಟದೆ ಇದ್ದದ್ದರಿಂದ ಯಾರಿಗೂ ಗೊತ್ತೇ ಆಗಿರುವುದಿಲ್ಲ. ಬದಲಿ ಲೈನ್ ಬೇಕೆಂದೇ ಎರಡನೆಯದನ್ನು ತೆಗೆದುಕೊಂಡಿದ್ದರೆ ಒಂದೊಂದನ್ನೂ 50% ಒಳಗೆ ಇಟ್ಟುಕೊಳ್ಳಿ.

ಲೋಡ್ ಶೆಡ್ಡಿಂಗ್‌ಗೂ ಇದಕ್ಕೂ ಸಂಬಂಧ ಇದೆಯೇ?

ತಮಾಷೆಗೆ ಕೇಳುತ್ತಾರೆ, ಆದರೆ ಇದೆ. ಬೇಸಿಗೆಯಲ್ಲಿ ನಮ್ಮೆಲ್ಲರಿಗೂ ಅಭ್ಯಾಸವಾಗಿರುವ ಆ ಪದ ಸರ್ವರ್ ಲೋಕದಲ್ಲೂ ಅದೇ ಅರ್ಥದಲ್ಲಿ ಚಾಲ್ತಿಯಲ್ಲಿದೆ. ಹಂಚಿದ ಮೇಲೂ ಹೊರೆ ಮೀರಿದರೆ ಕೆಲವು ಕೋರಿಕೆಗಳನ್ನು ಬಾಗಿಲಲ್ಲೇ ವಾಪಸ್ ಕಳಿಸಿ ಉಳಿದವರನ್ನು ಕಾಪಾಡುವುದು. ಎಲ್ಲರಿಗೂ ಮಂದ ಬೆಳಕು ಕೊಡುವ ಬದಲು ಒಂದು ಬಡಾವಣೆಗೆ ಎರಡು ಗಂಟೆ ಕತ್ತಲು.

ಸಂದರ್ಶನದಲ್ಲಿ ಕೇಳಿದರೆ ಏನು ಹೇಳಲಿ?

ರೂಟರ್ ಜಗತ್ತಿನ ಉತ್ತರ ಮೇಲೆ ಹೇಳಿದ್ದೇ. ಆದರೆ ಕೇಳುವವರು ವಿತರಿತ ವ್ಯವಸ್ಥೆಗಳ (ಹಲವು ಕಂಪ್ಯೂಟರುಗಳು ಕೂಡಿ ಕೆಲಸ ಮಾಡುವ ವ್ಯವಸ್ಥೆಗಳ) ಕಡೆಯವರಾದರೆ ಜೋಕೆ, ಅಲ್ಲಿ ಗೆರೆ ಬೇರೆ ಕಡೆ ಎಳೆದಿದೆ. ಒಬ್ಬನ ಬಳಿ ಕೆಲಸ ಸಾಲುಗಟ್ಟಿರುವಾಗ ಇನ್ನೊಬ್ಬ ಖಾಲಿ ಕೂರಬಾರದು ಎನ್ನುವುದಷ್ಟೇ ಶೇರಿಂಗ್‌ನ ಗುರಿ. ಎಲ್ಲರ ಹೊರೆಯೂ ಸಮ ಇರಬೇಕು ಎನ್ನುವುದು ಬ್ಯಾಲೆನ್ಸಿಂಗ್‌ನ ಗುರಿ. ಅವರ ಶೇರಿಂಗ್ ಕಣ್ಣು ತೆರೆದೇ ಹಂಚಬಹುದು. 1986ರಲ್ಲಿ ಸಂಶೋಧಕರಾದ ಈಗರ್, ಲಜೋವ್‌ಸ್ಕಾ ಮತ್ತು ಜಹೋರ್ಯನ್ ಈ ಬಗೆಯ ಶೇರಿಂಗ್ ಬಗ್ಗೆ ಬರೆದ ಪ್ರಬಂಧದಲ್ಲಿ, ಸ್ವಲ್ಪವೇ ಮಾಹಿತಿ ಬಳಸುವ ಸರಳ ಉಪಾಯಗಳಿಂದಲೇ ಹೆಚ್ಚಿನ ಲಾಭ ಸಿಗುತ್ತದೆ ಎಂದು ತೋರಿಸಿದ್ದರು.

ನನ್ನ ರೂಟರಿನ ಪೆಟ್ಟಿಗೆ ಮೇಲೆ "ಸ್ಮಾರ್ಟ್ ಲೋಡ್ ಬ್ಯಾಲೆನ್ಸ್" ಎಂದಿದೆ. ನಿಜವೇ ಎಂದು ಪರೀಕ್ಷಿಸುವುದು ಹೇಗೆ?

ಎಲ್ಲರೂ ಮನೆಗೆ ಹೋದ ಮೇಲೆ ಹತ್ತು ನಿಮಿಷದ ಕೆಲಸ. ಎರಡೂ ಲೈನಿಗೆ ಸಮ ತೂಕ ಕೊಟ್ಟಿರಲಿ. ಒಂದು ಕಂಪ್ಯೂಟರಿನಲ್ಲಿ ದೊಡ್ಡ ಫೈಲೊಂದನ್ನು ಇಳಿಸಲು ಶುರು ಮಾಡಿ, ಅದು ಯಾವ ಲೈನಿನಲ್ಲಿ ಹೋಗುತ್ತಿದೆ ಎಂದು ರೂಟರಿನ ಗ್ರಾಫಿನಲ್ಲಿ ನೋಡಿಕೊಳ್ಳಿ. ಆ ಲೈನ್ ಪೂರ್ತಿ ತುಂಬಲಿ. ಈಗ ಇನ್ನೊಂದು ಕಂಪ್ಯೂಟರಿನಿಂದ ಬೇರೆ ಬೇರೆ ಇಪ್ಪತ್ತು ಸೈಟ್ ತೆರೆಯಿರಿ, ರೂಟರಿನ ಕನೆಕ್ಷನ್ ಪಟ್ಟಿಯಲ್ಲಿ ಅವು ಯಾವ ಲೈನ್ ಹಿಡಿದವು ಎಂದು ಎಣಿಸಿ. ಬಹುಪಾಲು ಖಾಲಿ ಲೈನಿಗೆ ಹೋಗಿದ್ದರೆ ಪೆಟ್ಟಿಗೆಯ ಮಾತು ನಿಜ. ಅರ್ಧರ್ಧ ಹೋಗಿದ್ದರೆ ಶೇರಿಂಗ್. ಎಲ್ಲವೂ ಒಂದೇ ಕಡೆ ಹೋಗಿದ್ದರೆ ಅದು ಕಳಿಸುವವನ ವಿಳಾಸ ನೋಡಿ ಹಂಚುತ್ತಿರಬಹುದು, ಮೂರನೇ ಕಂಪ್ಯೂಟರಿನಿಂದ ಇನ್ನೊಮ್ಮೆ ಮಾಡಿ.

ನನ್ನ ಮನೆಯ ರೂಟರಿನ ಪೆಟ್ಟಿಗೆ ಮೇಲೂ ಅದೇ ಪದವಿತ್ತು. ಎಣಿಸಿದೆ: ಸಂಬಂಧಪಟ್ಟ ಕನೆಕ್ಷನ್‌ಗಳಲ್ಲಿ 21 ತುಂಬಿದ ಲೈನಿಗೆ, 23 ಖಾಲಿ ಲೈನಿಗೆ.